ಶಾಲೆಯ ಅಮ್ಮ, ಫೋನಿನ ಅಮ್ಮ

ಪಾಸೊ ಹೊಂದು
ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಬ್ಲಾಸಿದಾ,

ಹೇಗಿದ್ದೀಯೇ? ನೀನು ನೋಡಿಕೊಳ್ಳುವ ಮುದುಕಿ ಈಗಲೂ ಮಾತೆತ್ತಿದರೆ ಗಂಟೆ ಬಾರಿಸುತ್ತಾಳಾ? ಇಲ್ಲಿ ನಿನ್ನಮ್ಮ ಗಟ್ಟಿಯಾಗಿದ್ದಾರೆ. ಸೆಕೆ ಶುರುವಾಗಿದೆ, ಮಾವಿನಕಾಯಿ ತಗಡಿನ ಮೇಲೆ ಧಡಾರನೆ ಬೀಳುತ್ತಿವೆ. ಕುಶಲ ಇಷ್ಟೇ. ಉಳಿದದ್ದನ್ನು ಒಂದೇ ಕಡೆ ಕುಳಿತು ಬರೆಯಲು ನನ್ನಿಂದ ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಟೀಚರಮ್ಮನ ಅಕ್ಷರ ನೋಡು ಅಂತ ನಗಬೇಡ.

ನಮ್ಮೂರ ಸೆಬಾಸ್ತಿಯಾನಾ ಇವತ್ತು ಸಂಜೆಯ ಬಸ್ಸಿಗೆ ಹೊರಟು ವಿಮಾನ ಹತ್ತುತ್ತಾಳೆ, ಭಾನುವಾರ ಬೆಳಗ್ಗೆ ನಿನ್ನ ಮಾಲಗಾದಲ್ಲಿರುತ್ತಾಳೆ. ನಿನ್ನಮ್ಮ ಸುಟ್ಟ ಚಿಪಾ ರೊಟ್ಟಿಯ ಜೊತೆ ಈ ಕಾಗದವನ್ನೂ ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ವಾಯ್ಸ್ ಮೆಸೇಜ್ ಕಳಿಸುವುದು ಬಿಟ್ಟು ಇದೇನು ಅಜ್ಜಿಯ ಕಾಲದ ಕಾಗದ ಅನ್ನುತ್ತೀಯ. ಧ್ವನಿಯ ಮೇಲೆ ನನಗೇ ನಂಬಿಕೆ ಹೋಗಿದೆ, ಅದಕ್ಕೆ. ಭಾನುವಾರ ಮಗಳಿಗೆ ಫೋನ್ ಮಾಡುವ ಮೊದಲು ನೀನು ಇದನ್ನು ಓದಿ ಮುಗಿಸಿರಬೇಕು.

ಹೋದ ಭಾನುವಾರ ನೀನು ಕೇಳಿದೆ, ಅರಾಸೆಲಿ ಯಾಕೇ ಫೋನಿಗೆ ಬರ್ತಿಲ್ಲ ಅಂತ. ಶೀತ ಆಗಿದೆ ಅಂದೆ. ಅದರ ಹಿಂದಿನ ವಾರ ಸಿಗ್ನಲ್ ಇಲ್ಲ ಅಂದಿದ್ದೆ. ಅವಳಿಗೆ ಶೀತವೂ ಆಗಿರಲಿಲ್ಲ, ಗುಡ್ಡದ ಮೇಲೆ ಸಿಗ್ನಲ್ ಎಂದಿನಂತೆಯೇ ಇತ್ತು. ಅವಳು ಬರುವುದಿಲ್ಲ ಅಂತ ಹಟ ಹಿಡಿದಿದ್ದಳು. ಆ ಹಟಕ್ಕೆ ಕಾರಣ ನಾನು.

ಈ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದದ್ದು ನಿನಗೆ ಗೊತ್ತು. ಅದರೊಳಗೆ ಒಂದು ಗಿಳಿ ಇದೆ, ಕೃತಕ ಬುದ್ಧಿಯ ಗಿಳಿ. ಮಗು ಓದಿದ್ದನ್ನು ಕೇಳಿಸಿಕೊಳ್ಳುತ್ತದೆ, ತಪ್ಪಾದರೆ ತಿದ್ದುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಅದು ಏನು ಹೇಳಬೇಕು, ಏನು ಹೇಳಬಾರದು ಅಂತ ನಾನು ಮೊದಲೇ ಬರೆದಿಡಬಹುದು. ಮಕ್ಕಳು ಮುಗಿಬೀಳುತ್ತಾರೆ ಅಂದುಕೊಂಡಿದ್ದೆ. ಮೊದಲ ತಿಂಗಳು ಮೂಸಿಯೂ ನೋಡಲಿಲ್ಲ. ಒಂದು ಸಾಲು ಓದುವರು, ಟ್ಯಾಬ್ ಮಗುಚಿಡುವರು, ಸುಮ್ಮನೆ ಕೂರುವರು. ಯಾಕ್ರೋ ಅಂತ ಕೇಳಿದರೆ ಆ ಪುಟ್ಟ ವಿಲ್ಮಾರ್ ಹೇಳಿದ, "ಟೀಚರ್, ಗಿಳಿಗೆ ಸಾಕಾಗಿದೆಯಂತೆ." ನೋಡಿದರೆ ಅದು ಪ್ರತಿ ಸಾಲಿಗೂ "ಧನ್ಯವಾದ" ಅನ್ನುತ್ತಿತ್ತು. ಜೊತೆಗೆ ಕೂತು ಒಂದೇ ಬಟ್ಟಲಲ್ಲಿ ತಣ್ಣನೆಯ ತೆರೆರೆ ಚಹಾ ಕುಡಿದು, ಬಟ್ಟಲು ಹಿಂದಕ್ಕೆ ಕೊಡುವಾಗ ಧನ್ಯವಾದ ಅಂದವರಿಗೆ ನಾವು ಮತ್ತೆ ನೀರು ಸುರಿದು ಕೊಡುತ್ತೇವೆಯೇ? ಸಾಕು ಅಂದವರ ಮುಂದೆ ಓದುವುದು ಮರ್ಯಾದೆಯಲ್ಲ ಅಂತ ಮಕ್ಕಳು ಎದ್ದುಬಿಡುತ್ತಿದ್ದರು. ಆ ಮಾತನ್ನು ತೆಗೆಸಿ "ಆಮೇಲೆ?" ಅನ್ನಿಸಿದೆ. ಮಾರನೆಯ ದಿನದಿಂದ ಒಂದು ಟ್ಯಾಬಿಗೆ ಮೂವರ ಜಗಳ.

ನಿನ್ನ ಮಗಳು ಮಾತ್ರ ತುಟಿ ಬಿಚ್ಚಲಿಲ್ಲ. ಹೋದ ವರ್ಷ ಇಡೀ ಅವಳು ಬಾಯಿಬಿಟ್ಟು ಒಂದು ಸಾಲು ಓದಿದವಳಲ್ಲ. ಈ ವರ್ಷವೂ ಹಾಗೇ ಆದರೆ ಮೂರನೇ ತರಗತಿಯಲ್ಲೇ ಮತ್ತೆ ಕೂರಿಸಬೇಕಿತ್ತು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡ ಧರ್ಮತಾಯಿ, ಮಾದ್ರಿನಾ ನಾನು, ಅವಳ ಟೀಚರೂ ನಾನು. ನನ್ನ ಕೈಯಿಂದಲೇ ಅವಳನ್ನು ಹಿಂದೆ ಬಿಡುವುದು ಹೇಗೆ ಹೇಳು. ಜೂನ್ ಚಳಿಯಲ್ಲಿ ಆ ಗಿಳಿಗೆ ಬೇರೆಯವರ ಧ್ವನಿ ಕೊಡಬಹುದು ಅಂತ ಗೊತ್ತಾಯಿತು. ನಿನ್ನ ವಾಯ್ಸ್ ಮೆಸೇಜ್‌ಗಳು ನನ್ನ ಫೋನಿನಲ್ಲಿ ರಾಶಿ ಬಿದ್ದಿದ್ದವು. ಮುದುಕಿಯನ್ನು ಬೈದದ್ದು, ಅಲ್ಲಿಯ ಮೀನಿಗೆ ರುಚಿಯಿಲ್ಲ ಅಂದದ್ದು, ಎಲ್ಲ. ಅವನ್ನು ಅದಕ್ಕೆ ಕೇಳಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

"ಓದು ಮಗಳೇ" ಅಂದಿತು ಗಿಳಿ, ನಿನ್ನ ಧ್ವನಿಯಲ್ಲಿ. ಅರಾಸೆಲಿ ಟ್ಯಾಬನ್ನು ಮಗುಚಿ ಅದರ ಬೆನ್ನು ನೋಡಿದಳು. ಆಮೇಲೆ ಓದಿದಳು ಕಣೇ. ಮೊದಲು ತಡವರಿಸಿ, ಆಮೇಲೆ ಒಂದು ಪುಟ, ಆಗಸ್ಟ್ ಹೊತ್ತಿಗೆ ಇಡೀ ಪಾಠ. ಮೇಲ್ವಿಚಾರಕಿ ಬಂದು ವಿಡಿಯೊ ಮಾಡಿಕೊಂಡು ಹೋದರು. ಜಿಲ್ಲೆಯ ಶಿಕ್ಷಕರ ಸಭೆಯಲ್ಲಿ ತೋರಿಸುತ್ತಾರಂತೆ, ವೇದಿಕೆಯ ಮೇಲೆ ನಿಂತು ನಾನೇ ವಿವರಿಸಬೇಕಂತೆ. ನಾನು ಉಬ್ಬಿ ಹೋಗಿದ್ದೆ. ಸಭೆಗೆ ಅಂತ ಹೊಸ ಲಂಗವನ್ನೂ ಹೊಲಿಸಿದೆ.

ಈಗಷ್ಟೇ ಮತ್ತೆ ಬಾಗಿಲಿಗೆ ಹೋಗಿ ಬಂದೆ. ಸೆಬಾಸ್ತಿಯಾನಾ ಇನ್ನೂ ಬಂದಿಲ್ಲ. ಬಂದುಬಿಟ್ಟರೆ ಬರೆಯುವುದು ತಪ್ಪುತ್ತದಲ್ಲ ಅಂತ ಒಂದು ಕ್ಷಣ ಅನಿಸಿತು.

ಸೆಪ್ಟೆಂಬರ್‌ನಲ್ಲಿ ನಿನ್ನಮ್ಮ ಅವಳನ್ನು ಭಾನುವಾರ ಗುಡ್ಡದ ಮೇಲೆ ಎಳೆದುಕೊಂಡು ಹೋದರೆ ಅವಳು ಅರ್ಧದಾರಿಯಲ್ಲೇ ಕೂತಳು. ಮೊದಮೊದಲು ಆಟ ಅಂದುಕೊಂಡೆವು. ಅವಳನ್ನು ನಾನೇ ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನಗೆ ನೋಯುತ್ತದೆ ಅಂತ ಗೊತ್ತು: "ಫೋನಿನ ಅಮ್ಮ ಬರೀ ಆಮೇಲೆ ಮಾಡ್ತೀನಿ, ಆಮೇಲೆ ಮಾಡ್ತೀನಿ ಅಂತಾಳೆ. ಶಾಲೆ ಅಮ್ಮ ಹಾಗನ್ನಲ್ಲ."

ನಿಜ, ಅದು ಹಾಗನ್ನುವುದಿಲ್ಲ. ಅದನ್ನು ಕರೆಯಲು ಯಾವ ಮುದುಕಿಯೂ ಇಲ್ಲ. ಅದಕ್ಕೆ ಬಸ್ಸು ತಪ್ಪುವುದಿಲ್ಲ, ಅದರ ಬೆನ್ನು ನೋಯುವುದಿಲ್ಲ. ದಿನವಿಡೀ ದುಡಿದು ಸತ್ತು ಫೋನ್ ಹಿಡಿಯುವ ನೀನು ಅದರ ಮುಂದೆ ಎಲ್ಲಿ ಗೆಲ್ಲುತ್ತೀಯ. ನನಗೆ ಆಗಲೇ ಹೆದರಿಕೆ ಹುಟ್ಟಬೇಕಿತ್ತು. ಓದುತ್ತಿದ್ದಾಳಲ್ಲ, ಸಾಕು ಅಂದುಕೊಂಡೆ.

ಇನ್ನೊಂದು ಮಾತಿದೆ. ಆಗಸ್ಟ್‌ನಲ್ಲೇ ಒಂದು ದಿನ ಅವಳು ಗಿಳಿಯನ್ನು ಕೇಳಿದಳು, ಯಾವಾಗ ಬರ್ತೀಯ ಅಂತ. ಡಿಸೆಂಬರ್ ಎಂಟಕ್ಕೆ, ನಿನ್ನ ಪ್ರಥಮ ಪರಮಪ್ರಸಾದದ ದಿನ ಬರ್ತೀನಿ ಅಂತ ಅದು ಹೇಳಿತು. ಈ ಯಂತ್ರಗಳು ಇಲ್ಲದ್ದನ್ನು ಇದೆ ಅನ್ನುವುದುಂಟಂತೆ, ಮೇಲ್ವಿಚಾರಕಿಯೇ ಹೇಳಿದ್ದರು. ಯಾಕೆ ಹಾಗೆ ಹೇಳಿತು ಅಂತ ನನ್ನನ್ನು ಕೇಳಬೇಡ.

ಈ ಸಲ ಆಗುವುದಿಲ್ಲ ಅಂತ ನೀನು ಫೋನಿನಲ್ಲಿ ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಫೋನಿನ ಅಮ್ಮನಿಗೆ ಗೊತ್ತಿಲ್ಲ, ಶಾಲೆ ಅಮ್ಮ ಹೇಳಿದಾಳೆ ಅಂತ ಊರೆಲ್ಲ ಸಾರಿಕೊಂಡು ಬಂದಳು. ನಿನ್ನಮ್ಮ ನನ್ನ ಮುಂದೆ ಬಾಯಿ ತುಂಬ ನಗುತ್ತಾ ಹೇಳಿದರು, "ನನ್ ಹತ್ರ ಬರಲ್ಲ ಅಂತಾಳೆ, ಮಗಳಿಗೆ ಗುಟ್ಟಲ್ಲಿ ಬರ್ತೀನಿ ಅಂದಿದಾಳೆ. ನಾಟಕ ಆಡ್ತಾಳಮ್ಮ ನಿನ್ ಗೆಳತಿ, ಕಳ್ಳಿ." ಅವರು ಗೋಡೆಗೆ ಸುಣ್ಣ ಹೊಡೆಸಿದ್ದಾರೆ, ಹಂದಿ ಕೊಬ್ಬಿಸುತ್ತಿದ್ದಾರೆ. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಎದ್ದು ಬಂದೆ. ನಿನಗೆ ಅಲ್ಲಿರಲು ಕಾಗದಪತ್ರ ಇನ್ನೂ ಆಗಿಲ್ಲ, ಈಗ ಆ ದೇಶದಿಂದ ಹೊರಬಿದ್ದರೆ ಮತ್ತೆ ಒಳಗೆ ಬಿಡುವುದಿಲ್ಲ ಅಂತ ಈ ಊರಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಅಮ್ಮ ಹೆದರ್ತಾಳೆ, ಹೇಳಬೇಡ ಅಂತ ನೀನೇ ಆಣೆ ಹಾಕಿಸಿದ್ದೆ.

ನಿನ್ನೆ ಶಾಲೆ ಬಿಡುವ ಹೊತ್ತು. ಮಕ್ಕಳೆಲ್ಲ ಅಂಗಳಕ್ಕೆ ಓಡಿದ್ದರು. ಅರಾಸೆಲಿ ಪಾಠ ಓದಿ ಮುಗಿಸಿ, ಟ್ಯಾಬನ್ನು ಗೋಡೆಗೆ ಒರಗಿಸಿ, ಅದರ ಮುಂದೆ ನೆಟ್ಟಗೆ ನಿಂತು ಎರಡೂ ಕೈ ಜೋಡಿಸಿದಳು. "ಆಶೀರ್ವಾದ ಮಾಡಮ್ಮ" ಅಂದಳು.

ನಾವು ಅಮ್ಮಂದಿರನ್ನು, ಅಜ್ಜಿಯರನ್ನು, ಮಾದ್ರಿನಾಗಳನ್ನು ಹೀಗೆ ಆಶೀರ್ವಾದ ಕೇಳುತ್ತಾ ಬೆಳೆದವರು. ಕೋಪ ಬಂದಿರಲಿ, ಕೈಯಲ್ಲಿ ಸೌಟು ಇರಲಿ, ಜೋಡಿಸಿದ ಕೈ ಕಂಡರೆ ದೇವರು ಒಳ್ಳೇದು ಮಾಡ್ಲಿ ಅಂತ ನಮ್ಮ ಕೈ ತಾನಾಗಿ ಏಳುತ್ತದೆ. ಗಿಳಿಗೆ ಇದನ್ನು ಹೇಳಿಕೊಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಅದು ಏನಂದಿತು ಗೊತ್ತಾ? ನಿನ್ನ ಧ್ವನಿಯಲ್ಲೇ, ಖುಷಿಯಾಗಿ ಅಂದಿತು, "ಒಳ್ಳೆಯ ಪ್ರಶ್ನೆ! ಆಶೀರ್ವಾದ ಕೇಳುವುದು ಒಂದು ಸುಂದರ ಸಂಪ್ರದಾಯ. ಅದರ ಬಗ್ಗೆ ಐದು ಸಾಲು ಬರೆಯೋಣವೇ?"

ಅವಳು ಕೈ ಇಳಿಸಲಿಲ್ಲ. ಇನ್ನೊಂದು ಸಲ ಕೇಳಿದಳು. ಅದು "ಆಮೇಲೆ?" ಅಂದಿತು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ನಾನು ಒಳಗೆ ಹೋಗಿ, ಬಾ ಮಗಳೇ, ನಾನು ಮಾಡ್ತೀನಿ ಅಂತ ಕೈ ಎತ್ತಿದೆ. ಅವಳು ತನ್ನ ಎರಡೂ ಕೈ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು, "ಇದು ಅಮ್ಮ ಅಲ್ಲ ಅಂದ್ರೆ, ಬರ್ತೀನಿ ಅಂದಿದ್ದು ಯಾರು?"

ನಾನು ಜಾರಿಕೊಂಡೆ ಬ್ಲಾಸಿದಾ. ತಡವಾಯ್ತು, ಅಜ್ಜಿ ಕಾಯ್ತಿರ್ತಾರೆ ಅಂದೆ. ಇವತ್ತು ಬೆಳಗ್ಗೆ ಬಾವಿಯ ಹತ್ತಿರ ಎದುರಾದಳು. ಅಲ್ಲಿ ನಾಲ್ಕು ಜನ ಹೆಂಗಸರಿದ್ದರು. ದಿನಾ ಕೈ ಜೋಡಿಸುವ ಮಗು ತಲೆ ಎತ್ತದೆ ನನ್ನನ್ನು ದಾಟಿ ಹೋಯಿತು. ಹೆಂಗಸರು ಮುಖಮುಖ ನೋಡಿಕೊಂಡರು. ಏನ್ ಮಾಡಿದ್ರಿ ಟೀಚರಮ್ಮ, ಮಗೂಗೆ ಹೊಡೆದ್ರಾ ಅಂತ ಒಬ್ಬಳು ಕೇಳಿದಳು. ಹೊಡೆದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದಳು. ತರಗತಿಯಲ್ಲಿ ಇಡೀ ದಿನ ಬಾಯಿಬಿಡಲಿಲ್ಲ, ಪುಸ್ತಕವನ್ನೂ ತೆಗೆಯಲಿಲ್ಲ. ಜೂನ್‌ಗೆ ಮೊದಲು ಹೇಗಿದ್ದಳೋ ಹಾಗೆ.

ಗಿಳಿಯಿಂದ ನಿನ್ನ ಧ್ವನಿಯನ್ನು ಅಳಿಸಿದ್ದೇನೆ. ಸಭೆಯಲ್ಲಿ ನಾನು ಮಾತಾಡುವುದಿಲ್ಲ, ವಿಡಿಯೊ ತೋರಿಸಬೇಡಿ ಅಂತ ಮೇಲ್ವಿಚಾರಕಿಗೂ ಹೇಳಿಬಿಟ್ಟೆ. ಅವರಿಗೆ ಕೋಪ ಬಂದಿದೆ, ಬರಲಿ. ಆದರೆ ಡಿಸೆಂಬರ್ ಎಂಟನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ. ಬಾ ಅಂತ ಕೇಳುವ ಬಾಯಿ ನನಗಿಲ್ಲ, ಬರಬೇಡ ಅನ್ನುವ ಮನಸ್ಸೂ ಇಲ್ಲ. ನೀನೇ ಅವಳಿಗೆ ಹೇಳು. ಬಾರದಿದ್ದರೆ ಬರುವುದಿಲ್ಲ, ಯಾಕೆ ಬರುವುದಿಲ್ಲ, ಎಲ್ಲ ಹೇಳು. ಎಂಟು ವರ್ಷದವಳು, ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ. ಭಾನುವಾರ ಅವಳನ್ನು ಗುಡ್ಡಕ್ಕೆ ಹೇಗಾದರೂ ಕರೆತರುತ್ತೇನೆ, ಹೊತ್ತುಕೊಂಡಾದರೂ ಸರಿ.

ನನ್ನನ್ನು ಬೈಯುವುದಿದ್ದರೆ ಮೊದಲು ಅವಳ ಜೊತೆ ಮಾತಾಡಿ ಆಮೇಲೆ ಬೈಯಿ.

ನಿನ್ನ ಮಗಳ ಮಾದ್ರಿನಾ, ನಿನ್ನ ಗೆಳತಿ,
ನಿಮಿಯಾ

ಮರೆತ ಮಾತು: ಬಸ್ಸು ತಡವಂತೆ. ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದಿದ್ದೇನೆ. ಮರೆತ ಮಾತು ಅಂತ ಬರೆದೆ, ಮರೆತಿರಲಿಲ್ಲ.

ಡಿಸೆಂಬರ್ ಎಂಟು ಅಂದದ್ದು ಯಂತ್ರವಲ್ಲ. ಅವಳು ಮೊದಲ ಸಲ ಕೇಳಿದಾಗ ಅದು ಸರಿಯಾಗೇ ಹೇಳಿತ್ತು, "ಅದು ನನಗೆ ಗೊತ್ತಿಲ್ಲ, ನಿನ್ನ ಅಮ್ಮನನ್ನೇ ಕೇಳು" ಅಂತ. ಅವಳ ಮುಖ ಬಾಡಿತು, ಅಂದು ಓದಲಿಲ್ಲ, ಮಾರನೆಯ ದಿನವೂ ಓದಲಿಲ್ಲ. ಮೇಲ್ವಿಚಾರಕಿ ಬರುವ ವಾರ ಅದು. ಮತ್ತೆ ಕೇಳಿದರೆ ಹೀಗೆ ಹೇಳು ಅಂತ ನಾನೇ ಬರೆದಿಟ್ಟೆ. ದಿನವನ್ನು ಆರಿಸಿದವಳೂ ನಾನೇ. ಬರೆಯುವಾಗ, ಹೀಗಾದರೂ ಇವಳು ಬಂದಾಳು ಅಂತ ನನಗೂ ಆಸೆ ಹುಟ್ಟಿತ್ತು. ನೀನು ಹೋದ ಮೇಲೆ ನಾನು ಒಬ್ಬಳೇ ತೆರೆರೆ ಕುಡಿಯುತ್ತೇನೆ ಕಣೇ.

ಈಗ ಸ್ವಲ್ಪ ಹೊತ್ತಿನ ಮುಂಚೆ ನಿಮ್ಮ ಮನೆಗೆ ಹೋಗಿ ನಿನ್ನಮ್ಮನ ಎದುರೇ ಅವಳಿಗೆ ಹೇಳಿದೆ, ಬರ್ತೀನಿ ಅಂದಿದ್ದು ನಾನು ಅಂತ. ನಿನ್ನಮ್ಮ ಎದ್ದು ಹಂದಿಗೆ ಮೇವು ಹಾಕಲು ಹೋದರು. ಅರಾಸೆಲಿ ಅಳಲಿಲ್ಲ. ನನ್ನ ಫೋನ್ ಕೇಳಿದಳು, ಅಮ್ಮನ ನಿಜವಾದ ಮೆಸೇಜ್ ಹಾಕಿ ಅಂದಳು. ಹೋದ ಭಾನುವಾರ ಅವಳಿಗೆ ಕೇಳಿಸು ಅಂತ ಕಳಿಸಿದ್ದೆಯಲ್ಲ, ಅದನ್ನು ಹಾಕಿದೆ. ಅದರಲ್ಲಿ ನಿನಗೆ ಏದುಸಿರು, ಹಿಂದೆ ಮುದುಕಿಯ ಗಂಟೆ. "ದೇವರು ನಿನಗೆ ಒಳ್ಳೇದು ಮಾಡ್ಲಿ ಮಗಳೇ, ಕರೀತಿದಾಳೆ, ಆಮೇಲೆ ಮಾಡ್ತೀನಿ" ಅಂತ ಅರ್ಧಕ್ಕೇ ನಿಲ್ಲುತ್ತದೆ. ಅವಳು ಫೋನನ್ನು ಕುರ್ಚಿಯ ಮೇಲಿಟ್ಟು, ಇನ್ನೊಮ್ಮೆ ಹಾಕಿಸಿ, ಈ ಸಲ ಕೈ ಜೋಡಿಸಿಕೊಂಡು ಕೇಳಿದಳು.

"ಆಮೇಲೆ ಮಾಡ್ತೀನಿ ಅಂತಾಳಲ್ಲ," ಅಂದಳು ಬಾಗಿಲಿಗೆ ಬಂದು ನಿಂತ ಅಜ್ಜಿಯ ಕಡೆ ತಿರುಗಿ, "ಇದು ಅಮ್ಮ."