ಗಂಡು ಸಾಲು, ಹೆಣ್ಣು ಸಾಲು

ಏಪ್ರಿಲ್ 8, 2025, ಮಂಗಳವಾರ

ಬೆಳಿಗ್ಗೆ ಏಳಕ್ಕೇ ನಮ್ಮ ಬೀಜದ ಕಂಪನಿಯ ಸ್ಟೌಫ್‌ವಿಲ್ ಗ್ರೀನ್‌ಹೌಸ್. ಪರಾಗ ಹಾರಿಹೋಗದ ಹಾಗೆ ಜೋಳದ ಸೂಲಂಗಿಗಳಿಗೆ ಪೇಪರ್ ಬ್ಯಾಗು ಕಟ್ಟಿದೆ. ಹೀಟರ್ ಮತ್ತೆ ಕೈಕೊಟ್ಟಿದೆ. ಮಧ್ಯಾಹ್ನ ವಾನ್ ಊರಿನ ಆಫೀಸಿಗೆ ಹೋದರೆ ಕಿಚನ್‌ನಲ್ಲಿ ಕೇಕು. ಯಾರ ಬರ್ತ್‌ಡೇ ಎಂದು ಕೇಳಿದೆ. ಬರ್ತ್‌ಡೇ ಅಲ್ಲ — ಅರುಂಧತಿಯ ಸ್ವೀಟ್ ಕಾರ್ನ್ ಹೈಬ್ರಿಡ್ಡಿಗೆ ಅಮೆರಿಕದಲ್ಲಿ ಪೇಟೆಂಟು ಹಾಕುತ್ತಾರಂತೆ.

ಧಾರವಾಡದ ಹುಡುಗಿ. ಮೂರು ವರ್ಷದ ಹಿಂದೆ ಇಂಟರ್‌ವ್ಯೂ ಮಾಡಿ ಸೇರಿಸಿಕೊಂಡವನು ನಾನೇ. ಒಂದು ತುಂಡು ಕೇಕು ತಿಂದೆ. ಸಪ್ಪೆ ಎಂದು ಬರೆಯಲು ಹೊರಟಿದ್ದೆ. ಸಪ್ಪೆ ಇರಲಿಲ್ಲ, ಚೆನ್ನಾಗಿಯೇ ಇತ್ತು. ಅದಕ್ಕೂ ಸಿಟ್ಟು ಬಂತು.

ಏಪ್ರಿಲ್ 10

ನಿದ್ದೆ ಸರಿಯಿಲ್ಲ. ನನ್ನ ತಳಿಯ ಪೇಟೆಂಟು ಹೋದ ನವೆಂಬರಿನಲ್ಲಿ ಮುಗಿಯಿತು. ಇಪ್ಪತ್ತು ವರ್ಷ ಆಯಿತು, ಇನ್ನು ಯಾರು ಬೇಕಾದರೂ ಬೆಳೆಯಬಹುದು. ಅವತ್ತು ಯಾರೂ ಕೇಕು ತರಲಿಲ್ಲ. ಆ ತಳಿ ಶುದ್ಧವಾಗಲು ಎಂಟು ವರ್ಷ ಅದರದ್ದೇ ಪರಾಗ ಅದಕ್ಕೇ ಹಾಕಿ, ಆರಿಸಿ, ಬಿಸಾಡಿ, ಸೊಂಟ ಬಿದ್ದುಹೋಯಿತು. ಇವಳು ತನ್ನ ತಳಿಯನ್ನು ಲ್ಯಾಬಿನಲ್ಲಿ ಏನೋ ಮಾಡಿ ಎರಡೇ ಬೆಳೆಯಲ್ಲಿ ಮುಗಿಸಿದಳು.

ಇನ್ನೂ ಉರಿಯುವುದು ಬೇರೆ. ಅವಳ ಹೈಬ್ರಿಡ್ಡಿಗೆ ತಾಯಿ ಯಾವುದು? ನನ್ನ ತಳಿ. ಹೆಣ್ಣು ಸಾಲು ನನ್ನದು, ಗಂಡು ಸಾಲು ಅವಳದು. ತೆನೆ ಹೊರುವುದು ನನ್ನದು, ಪರಾಗ ಉದುರಿಸಿ ಹೆಸರು ಮಾಡುವುದು ಅವಳದು. ಈ ಎರಡನ್ನೂ ಕ್ರಾಸ್ ಮಾಡು ಎಂದು ಹೇಳಿದ್ದೂ ನಾನೇ. "ಅಷ್ಟು ಧೈರ್ಯ ಇದ್ರೆ ನನ್ನ ತಳಿಗೆ ಹಾಕಿ ನೋಡು" ಎಂದಿದ್ದೆ, ಹಂಗಿಸಲಿಕ್ಕೆ. ಹಾಕಿಯೇ ಬಿಟ್ಟಳು.

ಹೊಟ್ಟೆಕಿಚ್ಚು. ಇಲ್ಲಿ ಬರೆಯಲು ಯಾರ ಹೆದರಿಕೆ?

ಏಪ್ರಿಲ್ 19, ಶನಿವಾರ

ಊಟದ ಹೊತ್ತಿಗೆ ಹೆಂಡತಿ ನಳಿನಿ ಹಿತ್ತಿಲಿನ ಪ್ಲ್ಯಾನು ಶುರುಮಾಡಿದಳು. "ಹೋದ ವರ್ಷದ್ದೇ ಜೋಳ ಹಾಕುವ. ನೀವು ಮೂರು ತೆನೆ ತಿಂದ್ರಿ, ನೆನಪುಂಟಾ?"

ಇಲ್ಲದೆ ಏನು. ಬಂದವರೆದುರೆಲ್ಲ ತೆನೆ ಎತ್ತಿ ತೋರಿಸಿ, ನನ್ನ ತಳಿಯ ರುಚಿ ನೋಡಿ ಎಂದು ಎದೆಯುಬ್ಬಿಸಿದ್ದೆ. ನಾನು ಆಫೀಸಿನಿಂದ ತಂದ ಹಳೇ ಪ್ಯಾಕೆಟ್ಟನ್ನೇ ಬಿತ್ತಿದ್ದಾಳೆ ಎಂದುಕೊಂಡಿದ್ದೆ.

"ನಿಮ್ಮ ಪ್ಯಾಕೆಟ್ ಅಲ್ಲ ಮಾರಾಯ್ರೆ. ಕನ್ನಡ ಸಂಘದಲ್ಲಿ ಗಿಡ ಹಂಚಿಕೊಳ್ಳುವ ದಿನ ಅರುಂಧತಿ ಕೊಟ್ಟದ್ದು. ಎಲ್ರೂ ಕರಿಬೇವು, ತುಳಸಿ ಅಂತ ತಂದಿದ್ರು. ಬರಿಗೈಯಲ್ಲಿ ಹೇಗೆ ಬರುದು ಅಂತ ಅವಳು ಟ್ರಯಲಿಗೆ ಹಾಕಿ ಮಿಕ್ಕಿದ ಬೀಜ ಟಿಶ್ಯೂದಲ್ಲಿ ಕಟ್ಟಿ ಎಲ್ರಿಗೂ ಕೊಟ್ಲು, ಪಾಪ."

ಆ ಹೈಬ್ರಿಡ್ಡೇ. ಅನ್ನ ಗಂಟಲಲ್ಲಿ ಸಿಕ್ಕಿತು. ನೀರು ಕುಡಿದೆ.

"ಎಂತ ಆಯ್ತು?" ಅಂದಳು. ಏನಿಲ್ಲ ಎಂದೆ. ಮೂರು ತೆನೆ ತಿಂದಿದ್ದೇನೆ ಅವಳದ್ದು. ಹೊಗಳಿ ಹೊಗಳಿ.

ಏಪ್ರಿಲ್ 22

ಲಾಯರ್ ವರುಣ್ ಜೊತೆ ಮೀಟಿಂಗ್. ಬಿಡಿಸಿ ಹೇಳಿದ: ತಳಿಯಾಗಲಿ ಹೈಬ್ರಿಡ್ ಆಗಲಿ, ಬೀಜ ಹೊರಗಿನವರ ಕೈಗೆ ಹೋಗಿದ್ದರೆ, ಮಾರಲಿ, ಸುಮ್ಮನೆ ಕೊಡಲಿ, ಅವತ್ತಿನಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ದಾಟಿದರೆ ಪೇಟೆಂಟು ಕೈಬಿಟ್ಟಂತೆ. ಯಾರಿಗಾದರೂ ಕೊಟ್ಟಿದ್ದೀರಾ ಎಂದು ಕೇಳಿದ.

"ಇಲ್ಲ" ಎಂದಳು ಅರುಂಧತಿ. ಸುಳ್ಳಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಸಂಘದವರು ಅವಳಿಗೆ ಹೊರಗಿನವರಲ್ಲ. ಲೆಕ್ಕಕ್ಕೇ ಬಂದಿಲ್ಲ.

ಟೆಸ್ಟ್ ರಿಪೋರ್ಟು ಮೇ ಹನ್ನೆರಡಕ್ಕೆ ಬರುತ್ತದೆ, ಹದಿಮೂರಕ್ಕೆ ಅರ್ಜಿ ಹಾಕೋಣ ಎಂದ ವರುಣ್. ಆತುರ ಇದ್ದರೆ ಮೊದಲೇ ಹಾಕಬಹುದು ಎಂದೂ ಹೇಳಿದ.

ಮನೆಗೆ ಬಂದು ಫೋನಿನಲ್ಲಿ ಸಂಘದ ಹಳೇ ಮೆಸೇಜ್ ತೆಗೆದೆ. ಗಿಡ ಹಂಚಿದ್ದು ಹೋದ ವರ್ಷ ಮೇ ಹನ್ನೊಂದು. ಹದಿಮೂರಕ್ಕೆ ಹಾಕಿದರೆ ಎರಡು ದಿನ ತಡ. ಒಂದು ಮಾತು ಹೇಳಿದರೆ ಸಾಕು, ಮೊದಲೇ ಹಾಕುತ್ತಾರೆ. ನಾಳೆ ಹೇಳುತ್ತೇನೆ.

ಏಪ್ರಿಲ್ 24

ಹೇಳಲೆಂದೇ ಅವಳ ಡೆಸ್ಕಿಗೆ ಹೋದೆ. ಬಾಸ್ ಡಗ್ ಅಲ್ಲೇ ನಿಂತಿದ್ದ. ಮುಂದಿನ ವರ್ಷ ನಾನು ರಿಟೈರ್ ಆದ ಮೇಲೆ ತಳಿ ಬೆಳೆಸುವ ಇಡೀ ಪ್ರೋಗ್ರಾಂ ಅವಳ ಕೈಗಂತೆ. ನನ್ನ ಬೆನ್ನು ತಟ್ಟಿಯೇ ಹೇಳಿದ. "ಸರ್, ನೀವು ಇರೂತನಾ ನಾ ಹ್ಯಾಂಗ್ರಿ..." ಎಂದು ಅವಳು ತೊದಲಿದಳು.

ಕಂಗ್ರಾಟ್ಸ್ ಎಂದು ಹೇಳಿ ವಾಪಸ್ ಬಂದೆ.

ಮೇ 9, ಶುಕ್ರವಾರ

ಇವತ್ತು ಆಫೀಸಿನಲ್ಲಿ ಕೊನೆಯ ಅವಕಾಶ. ಇಷ್ಟು ದಿನ ಡೈರಿ ಮುಟ್ಟಲಿಲ್ಲ, ಯಾಕೆ ಅಂತ ನನಗೆ ಗೊತ್ತು.

ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಿದಳು. "ಸರ್, ಮುಖ ಬಾಡೇತಲ್ರಿ. ಆರಾಮ ಇಲ್ಲೇನು?" ಆರಾಮ ಇದ್ದೇನೆ ಎಂದೆ. ತನ್ನ ಡಬ್ಬಿಯಿಂದ ಎರಡು ಶೇಂಗಾ ಹೋಳಿಗೆ ತೆಗೆದು ಕೊಟ್ಟಳು. ಹೇಳಬೇಕೆಂದು ಬಾಯಿ ತೆರೆದೆ. ಪ್ರೋಗ್ರಾಂ ಅವಳ ಕೈಗೆ — ಆ ಮಾತು ಅಡ್ಡ ಬಂತು. ಥ್ಯಾಂಕ್ಸ್ ಎಂದೆ.

ಹೋಳಿಗೆ ಕಾರಿನಲ್ಲೇ ಇದೆ.

ಮೇ 11, ಭಾನುವಾರ

ನಳಿನಿ ಸಂಘಕ್ಕೆ ಹೋದಳು, ಈ ವರ್ಷದ ಗಿಡ ಹಂಚಲು. ನಾನು ಲಾನ್ ಹೊಡೆದೆ. ಎರಡು ಸಲ. ಫೋನ್ ಮೇಜಿನ ಮೇಲೇ ಇತ್ತು.

ಮುಗಿಯಿತು.

ಖುಷಿ ಆಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. 

ಮೇ 13, ಮಂಗಳವಾರ

ಹತ್ತು ಗಂಟೆಗೆ ಅರುಂಧತಿ ರೂಮಿಗೆ ಬಂದಳು. ಕೈಯಲ್ಲಿ ವರುಣ್ ಕಳಿಸಿದ ಅರ್ಜಿ. "ಸರ್, ಇಲ್ಲೊಂದು ಸೈನ್ ಬೇಕಾಗೇತ್ರಿ."

ನನ್ನದು ಯಾಕೆ ಎಂದೆ.

"ಇನ್ವೆಂಟರ್ಸ್ ಅಂತ ಇಬ್ಬರ ಹೆಸರು ಐತ್ರಿ. ಕ್ರಾಸ್ ಯಾರ ಐಡಿಯಾ ಅಂತ ವರುಣ್ ಕೇಳಿದ್ರು. ನಮ್ಮ ಸರ್‌ದು ಅಂದೆ. ಹಂಗಾದ್ರ ಅವರ ಹೆಸರು ಬೇಕ ಬೇಕು ಅಂದ್ರು. ನಿಮಗ ಸರ್ಪ್ರೈಸ್ ಮಾಡೋಣಂತ ಸುಮ್ಮನಿದ್ದೆ."

ನೋಡಿದೆ. ಅವಳ ಹೆಸರು, ಅದರ ಕೆಳಗೆ ನನ್ನದು. ಮೊದಲು ತಲೆಗೆ ಬಂದದ್ದು, ದೇವರಾಣೆಗೂ ಇದೇ — ಎರಡನೆಯ ಹೆಸರಾ? ಆಮೇಲೆ ಲೆಕ್ಕ ಹೊಳೆಯಿತು. ಇನ್ನೊಂದು ಇಪ್ಪತ್ತು ವರ್ಷ ನನ್ನ ಹೆಸರು ಇರುತ್ತಿತ್ತು. ನಾನೇ ಹಾಳುಮಾಡಿದೆ.

ಸಹಿಯ ಮೇಲೆ ಒಂದು ಸಾಲು: ಒಂದು ವರ್ಷಕ್ಕಿಂತ ಹಿಂದೆ ಈ ಬೀಜವನ್ನು ಹೊರಗಿನ ಯಾರಿಗೂ ಕೊಟ್ಟಿಲ್ಲ. ಅವಳು ಆಗಲೇ ಸಹಿ ಹಾಕಿದ್ದಳು.

ಕೂತುಕೋ ಎಂದೆ. ಬಾಗಿಲು ಹಾಕಿ ಬಂದು ಎಲ್ಲ ಹೇಳಿದೆ. ಸಂಘ, ಟಿಶ್ಯೂ, ತಾರೀಕು. ಅವಳ ಬಣ್ಣವೇ ಇಳಿಯಿತು. "ಅವರು ನಮ್ಮ ಮಂದಿ ಅಲ್ಲೇನ್ರಿ ಸರ್?" ಎಂದಳು. ಅರ್ಜಿಯ ಮೇಲಿನ ತನ್ನ ಸಹಿ ನೋಡಿದಳು. ಆಮೇಲೆ, "ನಿಮಗ ಯಾವಾಗ ಗೊತ್ತಾತ್ರಿ?"

"ಇವತ್ತು ಬೆಳಿಗ್ಗೆ. ನಳಿನಿ ಹೇಳಿದ್ಳು." ಹೇಗೆ ಬಂತೋ ಬಾಯಿಗೆ.

"ಹೌದಾ?" ಎಂದಳು. ಕಣ್ಣು ಒರೆಸಿಕೊಂಡಳು. "ಮೊನ್ನೆ ಭಾನುವಾರ ಸಂಘದಾಗ ನಳಿನಿ ಅಕ್ಕಾರು ಸಿಕ್ಕಿದ್ರಿ. ನಿನ್ನ ಬೀಜದ ಸುದ್ದಿ ಹೋದ ತಿಂಗಳು ನಮ್ಮ ಯಜಮಾನರಿಗೆ ಹೇಳ್ದೆ, ಅವರಿಗೆ ಅನ್ನ ಗಂಟಲಾಗ ಸಿಕ್ಕಿತು ಅಂತ ನಕ್ಕೋತ ಹೇಳಿದ್ರು..."

ಅಲ್ಲಿಗೆ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಪೇಪರ್ ತೆಗೆದುಕೊಂಡು ಎದ್ದಳು. ನಾನು ಅವಳನ್ನು ಕರೆದು ನಿಜ ಹೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು.