ಅತ್ತೆ ನುಂಗಿದ ವಿಟಮಿನ್

ಮಾರ್ಚ್ ೧೪, ಶನಿವಾರ

ನನ್ನ ಮುದ್ದು ಅಪ್ಪಾ,

ಹೇಗಿದ್ದೀಯ? ಅಮ್ಮನ ಮೊಣಕಾಲು ಹೇಗಿದೆ? ಮದುವೆಯಾದ ಮೇಲೆ ಒಂದು ಕಾಗದವನ್ನೂ ಬರೆದಿಲ್ಲ ಎಂದು ನೀನು ಫೋನಿನಲ್ಲಿ ಮುನಿಸಿಕೊಂಡ ದಿನವೇ ಬರೆಯಲು ಕೂತಿದ್ದೆ. ಅರ್ಧ ಪುಟ ಬರೆದೆ. ಪೆನ್ನು ಕೈಕೊಟ್ಟಿತು. ಬೇರೆ ಪೆನ್ನು ಹುಡುಕಲು ಹೋದವಳು ಬಾಲ್ಕನಿಯ ಗಿಡಗಳಿಗೆ ನೀರು ಹಾಕಿ, ಕಪಾಟು ಜೋಡಿಸಿ, ಹಳೆಯ ಫೋಟೊ ನೋಡುತ್ತಾ ಕೂತುಬಿಟ್ಟೆ. ನಿನ್ನ ಮಗಳು ಗೊತ್ತಲ್ಲ. ತಪ್ಪಾಯಿತು. ಇಂಗ್ಲಿಷ್ ಶಾಲೆಗೆ ಹಾಕಿದವನು ನೀನೇ, ಹಾಗಾಗಿ ಇಲ್ಲಿ ಒತ್ತಕ್ಷರಗಳು ತಪ್ಪಿದ್ದರೆ ಅರ್ಧ ಪಾಲು ನಿನ್ನದು.

ನಾನು ಚೆನ್ನಾಗಿದ್ದೇನೆ. ತುಂಬಾ, ತುಂಬಾ ಚೆನ್ನಾಗಿದ್ದೇನೆ. ನಮ್ಮವರು, ಈ ಪದ ಬರೆಯುವಾಗಲೇ ನಗು ಬರುತ್ತದೆ, ನನ್ನ ಕರವಸ್ತ್ರವನ್ನೂ ಬಿಡದೆ ಇಸ್ತ್ರಿ ಮಾಡಿಕೊಡುತ್ತಾರೆ. ಡ್ರೈ ಕ್ಲೀನಿಂಗ್ ಅಂಗಡಿಯವನನ್ನು ಕಟ್ಟಿಕೊಂಡ ಸುಖ ನನ್ನ ಯಾವ ಗೆಳತಿಗೂ ಇಲ್ಲ. ಬಿಸಿ ಹಬೆಯ ಮುಂದೆ ನಿಂತಾಗ ಅವರ ಕನ್ನಡಕ ಪೂರ್ತಿ ಮಂಜಾಗುತ್ತದೆ. ಆಗಲೂ ನಾನು ಬಂದ ಸದ್ದಿಗೆ ತಲೆ ಎತ್ತಿ, ಏನೂ ಕಾಣದಿದ್ದರೂ ನಗುತ್ತಾರೆ. ನಾನು ನಿಂತಿರುವುದು ಮಾತ್ರ ಇನ್ನೊಂದು ಪಕ್ಕದಲ್ಲಿ.

ಕೆಳಗೆ ಅಂಗಡಿ, ಮೇಲೆ ಮನೆ. ಕೌಂಟರು ಅತ್ತೆಯ ರಾಜ್ಯ. ಬಂದ ಪ್ರತಿ ಬಟ್ಟೆಯ ಕಾಲರಿಗೂ ಹೆಸರು ಬರೆದ ಚೀಟಿಯನ್ನು ಪಿನ್ ಮಾಡಬೇಕು. ಬಟ್ಟೆ ಯಾರದೋ ಅವರ ಕೈಸೇರುವವರೆಗೆ ಅದನ್ನು ಕೀಳುವಂತಿಲ್ಲ. ಆ ಕೆಲಸವನ್ನು ಈಗ ನನಗೆ ಒಪ್ಪಿಸಿದ್ದಾರೆ. ಹೌದು, ನನಗೆ. ಇದುವರೆಗೆ ಒಂದು ಕೋಟೂ ಅದಲು ಬದಲಾಗಿಲ್ಲ. “ಇದು ಕೈಯೋ ಮೆಷಿನ್ನೋ?” ಎಂದು ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಮಧ್ಯಾಹ್ನ ಮಾತ್ರ ನನ್ನ ತಟ್ಟೆ ನೋಡಿ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು. “ನನ್ನ ಅಡುಗೆ ಹಿಡಿಸಲಿಲ್ವೇನೇ? ಗುಬ್ಬಿ ಥರ ಕುಕ್ಕಿ ಬಿಡ್ತೀಯಲ್ಲ.”

ಕೈ ಓಡುವುದಕ್ಕೂ ಊಟ ಸೇರದಿರುವುದಕ್ಕೂ ಕಾರಣ ಒಂದೇ ಮಾತ್ರೆ ಎಂದು ಹೇಗೆ ಹೇಳಲಿ? ಕಾಲೇಜಿನಲ್ಲಿದ್ದಾಗ ಡಾಕ್ಟರು ನನ್ನ ತೊಂದರೆಗೆ ಅಟೆನ್ಷನ್ ಡೆಫಿಸಿಟ್ ಎಂದು ಹೆಸರಿಟ್ಟು, ಗಮನ ನಿಲ್ಲಲೆಂದು ಬರೆದುಕೊಟ್ಟ ಮಾತ್ರೆ. ಮದುವೆಗೆ ಮುಂಚೆ ನಿನ್ನ ಔಷಧದ ಅಂಗಡಿಯಲ್ಲಿ ನೀನೇ ಅದನ್ನು ವಿಟಮಿನ್ ಡಬ್ಬಿಗೆ ತುಂಬಿ, “ಅಲ್ಲಿ ಯಾರಿಗೂ ಹೇಳೋದು ಬೇಡ, ಸುಮ್ನೆ ಯಾಕೆ” ಎಂದೆ. ನಾನೂ ಹೂಂ ಎಂದೆ.

ಈಗ ಸ್ವಲ್ಪ ಕೂತುಕೊಂಡು ಓದು ಅಪ್ಪ. ಎಲ್ಲರೂ ಕ್ಷೇಮ ಎಂದು ಮೊದಲೇ ಹೇಳಿಬಿಡುತ್ತೇನೆ.

ಆ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ ಅತ್ತೆಯ ಬಿ.ಪಿ. ಮಾತ್ರೆಯ ಪಕ್ಕದಲ್ಲಿರುತ್ತಿತ್ತು. ಈ ಮನೆಯಲ್ಲಿ ಕಪಾಟಿನಲ್ಲಿದ್ದದ್ದು ಎಲ್ಲರದ್ದು. ಕಳೆದ ವಾರ ಒಂದು ದಿನ ಅತ್ತೆ ಹಳೆಯ ಗುಂಡಿಗಳ ಜಾಡಿಯನ್ನು ಕೌಂಟರಿನ ಮೇಲೆ ಸುರಿದು, ಬಣ್ಣ ನೋಡಿ, ಅಳತೆ ನೋಡಿ, ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ ಎಂದು ಜೋಡಿಸುತ್ತಾ ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. “ಸೊಸೆ ಗಾಳಿ ಬೀಸಿದೆ” ಎಂದು ನಮ್ಮವರು ರೇಗಿಸಿದರು. ನಾನೂ ನಕ್ಕೆ. ಮರುದಿನ ಎದ್ದು ಬಂದವರೇ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂದರು. ಆಗಲೂ ನನಗೆ ಹೊಳೆಯಲಿಲ್ಲ.

ಅಂದು ಬೆಳಿಗ್ಗೆಯೇ ಅತ್ತೆ ಇಸ್ತ್ರಿ ಮೇಜು ಹಿಡಿದು ಕೂತುಬಿಟ್ಟರು. “ಎದೆ ಒಳಗೆ ಯಾರೋ ಓಡಾಡ್ತಿದ್ದಾರೆ ಕಣೋ” ಎಂದು ಮಗನಿಗೆ ಹೇಳಿದರು. ಬಾಯಿ ಒಣಗಿ ಮಾತು ಅಂಟುತ್ತಿತ್ತು. ನಮ್ಮವರು ಎಲ್ಲ ಹಾಗೇ ಬಿಟ್ಟು, ಬಾಗಿಲೆಳೆದು, ಬೀದಿ ಕೊನೆಯ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ನಾನೂ ಜೊತೆಗೆ ಓಡಿದೆ. ನಾಡಿ ಎಣಿಸಿದ ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು. “ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡ್ರಾ?”

“ಏನಿಲ್ಲಮ್ಮ, ಬರೀ ವಿಟಮಿನ್. ಸೊಸೇದು. ನಿನ್ನೆ ಒಂದು, ಚೆನ್ನಾಗಿದೆ ಅಂತ ಇವತ್ತು ಎರಡು.”

ಅಪ್ಪ, ಆ ಕ್ಷಣ ಸುಮ್ಮನಿದ್ದುಬಿಡಬಹುದಿತ್ತು. ವಯಸ್ಸಾಗಿದೆ, ಬಿ.ಪಿ. ಇದೆ, ಡಾಕ್ಟರಮ್ಮ ಇನ್ನೇನೋ ಕಾರಣ ಹುಡುಕಿಕೊಳ್ಳುತ್ತಿದ್ದರು. ನಮ್ಮವರು ನನ್ನ ಕೈ ಹಿಡಿದುಕೊಂಡಿದ್ದರು. ಮಾತಾಡಿದರೆ ಆ ಕೈ ಬಿಡುತ್ತಾರೆ ಎಂದೇ ಅಂದುಕೊಂಡೆ. ಆದರೂ ಹೇಳಿದೆ. “ಅದು ವಿಟಮಿನ್ ಅಲ್ಲ.”

ಕೈ ಬಿಟ್ಟರು. ತಮ್ಮ ಅಮ್ಮನ ಕೈ ಹಿಡಿಯಲು.

ಹೃದಯದ ಪರೀಕ್ಷೆ ಮಾಡಿ, ಸಂಜೆವರೆಗೆ ಅಲ್ಲೇ ಮಲಗಿಸಿಕೊಂಡರು. ಏರಿದ್ದ ಬಿ.ಪಿ. ಮೆಲ್ಲಗೆ ಇಳಿಯಿತು. ಅಷ್ಟರಲ್ಲಿ ನೀನು ಡಬ್ಬಿ ಬದಲಿಸಿದ ಕಥೆಯನ್ನೂ ಎಲ್ಲರಿಗೂ ಹೇಳಿದ್ದೆ. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ನಿನಗೆ ಈ ಮಾತ್ರೆ ಬೇಕು, ಬಿ.ಪಿ. ಇರುವ ಇವರಿಗೆ ಇದು ಅಪಾಯ, ಅಷ್ಟೇ ವಿಷಯ ಎಂದರು. ಆಮೇಲೆ ನನ್ನನ್ನೇ ತಕ್ಕಡಿ ಮೇಲೆ ನಿಲ್ಲಿಸಿದರು. ತೂಕ ಇಳಿದಿತ್ತು. ನಾಡಿ, ಬಿ.ಪಿ., ತೂಕ ಯಾರು ನೋಡುತ್ತಿದ್ದಾರೆ ಎಂದರು. ಇಲ್ಲಿಗೆ ಬಂದಮೇಲೆ ಯಾರೂ ಇಲ್ಲ. ಹಸಿವು ಸಾಯುವುದು, ಬಾಯಿ ಒಣಗುವುದು, ತಲೆನೋವು, ನಿದ್ದೆ ತಪ್ಪುವುದು, ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಕೆಲವರಿಗೆ ಸಿಡುಕು, ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಎಲ್ಲರಿಗೂ ಎಲ್ಲವೂ ಆಗುವುದಿಲ್ಲವಂತೆ, ಆದರೆ ಆದದ್ದನ್ನು ಮುಚ್ಚಿಟ್ಟರೆ ಮದ್ದಿನ ಪ್ರಮಾಣ ಸರಿಮಾಡಲು ಆಗುವುದಿಲ್ಲವಂತೆ.

ಸಿಡುಕು ಎಂದ ಕೂಡಲೇ ನಮ್ಮವರು ತಲೆ ಎತ್ತಿದರು. “ಅದಕ್ಕೇನಾ ನೀನು ಸಂಜೆ ಆದ್ರೆ ಹಾಗೆ ಹಾರಾಡ್ತಿದ್ದಿದ್ದು? ನಾನು ಬೇರೇನೇ ಅಂದ್ಕೊಂಡಿದ್ದೆ.”

“ಏನಂತ?”

“ಹಗಲೆಲ್ಲ ಹೇಗೋ ಸಹಿಸ್ಕೊಂಡು, ಸಂಜೆ ಆಗೋ ಹೊತ್ತಿಗೆ ನನ್ನ ಕಂಡ್ರೆ ಸಾಕಾಗ್ತಿದೆ ಅಂತ.”

ದಿನಾ ಸಂಜೆ ಈ ಮನುಷ್ಯ ಇದನ್ನು ನುಂಗಿಕೊಂಡು ನನಗೆ ಕಾಫಿ ಮಾಡಿಕೊಡುತ್ತಿದ್ದರು, ಅಪ್ಪ. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತುಬಿಟ್ಟೆ. ಅವರು ಹೆಗಲ ಮೇಲೆ ಹಾಗೇ ಬಂದಿದ್ದ ಅಂಗಡಿಯ ಒಂದು ಬಿಳಿ ಬಟ್ಟೆ ಕೊಟ್ಟು, “ಮೆಲ್ಲಗೆ ಒರೆಸು, ಗಿರಾಕಿದು” ಎಂದರು.

 ಎರಡು ದಿನದ ಮೇಲೆ ಕೌಂಟರಿನಲ್ಲಿ, ಅತ್ತೆ ನನ್ನ ಮುಖ ನೋಡದೆ ಕೇಳಿದರು. “ನಿಮ್ಮಪ್ಪ ನಮ್ಮನ್ನ ಏನು ಅಂತ ತಿಳ್ಕೊಂಡಿದ್ರು? ಗೊತ್ತಾದ್ರೆ ವಾಪಸ್ ಕಳಿಸ್ತೀವಿ ಅಂತಲಾ?”

“ಅಪ್ಪ ನನ್ನ ಮೇಲಿನ ಪ್ರೀತಿಯಿಂದ ಮಾಡಿದ್ದು ಅತ್ತೆ” ಎಂದೆ.  ಡಾಕ್ಟರಮ್ಮ ಹೊಸದಾಗಿ ಬರೆದುಕೊಟ್ಟ ಮಾತ್ರೆಯ ಡಬ್ಬಿಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡು, ಬಟ್ಟೆಗೆ ಹಾಕುವ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು, ಅಂಟಿಸಿದರು. “ಚೀಟಿ ಇಲ್ಲದ್ದು ಈ ಅಂಗಡಿಗೆ ಬರಲ್ಲ. ಮನೆಗೂ ಅಷ್ಟೆ.” ಸ್ವಲ್ಪ ಹೊತ್ತಿನ ಮೇಲೆ, “ಗುಂಡಿ ಜೋಡಿಸಿದ್ದೊಂದು ಲಾಭ ಬಿಡು” ಎಂದರು. ಈಗ ಮಧ್ಯಾಹ್ನದ ಊಟಕ್ಕೆ ಬಲವಂತ ಮಾಡುವುದಿಲ್ಲ. ಬೆಳಿಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸುತ್ತಾರೆ. ಮುಂದಿನ ತಿಂಗಳು ತೂಕ ನೋಡಿಸಲು ತಾವೇ ಜೊತೆಗೆ ಬರುತ್ತಾರಂತೆ.

ಹಾಗಾಗಿ ಇನ್ನು ಮಾತ್ರೆ ಕಳಿಸುವುದು ಬೇಡ ಅಪ್ಪ. ಅಮ್ಮನನ್ನು ಕರೆದುಕೊಂಡು ನೀನೇ ಬಾ, ನಿನ್ನ ಅಂಗಿ ಬೆಳ್ಳಗೆ ಮಾಡಿಸಿಕೊಡುತ್ತೇನೆ. ಇಬ್ಬರಿಗೂ ನಮ್ಮಿಬ್ಬರ ನಮಸ್ಕಾರ. ನಮ್ಮ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಗಿರಗಿಟ್ಲೆ

ಮರೆತ ಮಾತು: ಅತ್ತೆಗೆ ಪ್ರೀತಿಯಿಂದ ಎಂದು ಹೇಳಿದೆನಲ್ಲ, ಅದು ನಿಜವೇ ಎಂದು ನನಗೂ ತಿಳಿಯಬೇಕು. ನಿನ್ನ ಅಂಗಡಿಗೆ ಬಂದು ಪಿಸುಗುಟ್ಟುವವರಿಗೆಲ್ಲ ನೀನು, “ಕಾಯಿಲೆ ಏನು ಕಳ್ಳತನವಾ, ಗಟ್ಟಿಯಾಗಿ ಹೇಳಿ” ಎನ್ನುತ್ತಿದ್ದೆ. ಅದನ್ನು ಕೇಳಿಕೊಂಡೇ ನಾನು ಬೆಳೆದೆ. ಮಾತ್ರೆ ಬದಲಿಸಿದ ಆ ದಿನ, ಖಾಲಿಯಾದ ಹಳೆಯ ಡಬ್ಬಿಯನ್ನು ಎಸೆಯುವ ಮುಂಚೆ ಅದರ ಮೇಲಿದ್ದ ನನ್ನ ಹೆಸರನ್ನು ನೀನು ಉಗುರಿನಿಂದ ಕೆರೆಯುತ್ತಿದ್ದೆ. ಪೂರ್ತಿ ಹೋಗಲಿಲ್ಲವೆಂದು ಹತ್ತಿ ಒದ್ದೆ ಮಾಡಿ ಉಜ್ಜಿದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅಲ್ಲಿಯವರೆಗೆ ನನಗೆ ಅದು ಬರೀ ಒಂದು ಮಾತ್ರೆಯಾಗಿತ್ತು ಅಪ್ಪ.