ಸೊನ್ನೆ ತೋರಿಸದ ಮುಖ

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 6

ಊದಿದೆ. ಸೊನ್ನೆ. ಸೂಪರ್‌ವೈಸರ್ "ಇನ್ನೊಂದ್ಸಲ ಊದು" ಎಂದ. ಊದಿದೆ. ಸೊನ್ನೆ.

ಹಿಂದೆ ನಿಂತಿದ್ದ ಡ್ರೈವರುಗಳಿಗೆಲ್ಲ ಒಂದೇ ಸಲ. ನನಗೆ ಮಾತ್ರ ದಿನವೂ ಎರಡು. ಶಾಲೆ ಬಸ್ಸು ಓಡಿಸುವವನು ಕುಡಿತ ಪತ್ತೆ ಮಾಡುವ ಮಷೀನಿಗೆ ಊದಿದ ಮೇಲೇ ಕೀ ಕೈಗೆ ಸಿಗುವುದು. ಒಪ್ಪಿದೆ, ಒಳ್ಳೆಯ ನಿಯಮ. ಎರಡನೇ ಸಲ ಊದಬೇಕು ಅಂತ ಎಲ್ಲಿ ಬರೆದಿದೆ? ನನ್ನ ಮೂಗಿನ ಮೇಲೆ ಬರೆದಿದೆ.

ಚರ್ಮದ ಡಾಕ್ಟರಮ್ಮ ಈ ಡೈರಿಯಲ್ಲಿ ಬರೆಯಲು ಹೇಳಿದ್ದು ಇದನ್ನಲ್ಲ. ಮುಖ ಯಾವಾಗ ಕೆಂಪಾಯಿತು, ಆಗ ಏನು ತಿಂದಿದ್ದೆ, ಎಲ್ಲಿದ್ದೆ — ಇಷ್ಟೇ. ಯಾವುದರಿಂದ ಕೆರಳುತ್ತದೆ ಅಂತ ತಿಳಿಯಬೇಕಂತೆ. ಕಾಯಿಲೆಯ ಹೆಸರು ರೋಸೇಷಿಯಾ. ಕೇಳಲು ಯಾವುದೋ ಹೂವಿನ ಗಿಡದ ಹಾಗಿದೆ. ಕೆನ್ನೆ, ಮೂಗು ಕೆಂಡ. ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣುತ್ತವೆ. ಗುಳ್ಳೆ. ಕಣ್ಣೊಳಗೆ ಮರಳು ಬಿದ್ದ ಹಾಗೆ ಉರಿ. "ಅಂಟೋದಲ್ಲ. ಪೂರ್ತಿ ಹೋಗೋದೂ ಇಲ್ಲ. ಹಿಡಿತದಲ್ಲಿ ಇಟ್ಕೋಬಹುದು. ನಿಧಾನಕ್ಕೆ ಕಡಿಮೆ ಆಗುತ್ತೆ" ಎಂದರು. ಜೆಲ್ಲು, ಮಾತ್ರೆ ಕೊಟ್ಟರು. ಬಿಸಿಲು ಬೇಡ, ಬಿಸಿ ಬಿಸಿ ಟೀ ಬೇಡ, ಖಾರ ಬೇಡ, ಸೆಖೆ ಬೇಡ, ಕೋಪ ಬೇಡ.

ಬಸ್ಸಿನ ಎಂಜಿನ್ನು ನನ್ನ ಮೊಣಕಾಲಿನ ಪಕ್ಕದಲ್ಲೇ ಇದೆ. ಎದುರಿಗೆ ಗಾಜು, ಗಾಜಿನಾಚೆ ಸೂರ್ಯ. ಹಿಂದೆ ಬಸ್ಸು ತುಂಬ ಮಕ್ಕಳು. ಕೋಪ ಬೇಡವಂತೆ. ಒಂದು ದಿನ ಬಂದು ಈ ಸೀಟಿನಲ್ಲಿ ಕೂತು ಹೇಳಲಿ.

ಸೆಪ್ಟೆಂಬರ್ 5, ಶುಕ್ರವಾರ

ಕೆಂಪು: ಬೆಳಿಗ್ಗೆ ಇಡೀ. ತಿಂದದ್ದು: ಏನೂ ಇಲ್ಲ. ಕಾರಣ: ಜನ.

ಪುಟ್ಟಿ ಇದೇ ಶಾಲೆ, ಇದೇ ಬಸ್ಸು, ಹತ್ತನೇ ಕ್ಲಾಸು. ಮಗಳು ಅಂತ ನಾನು ಹೊಗಳಬಾರದು, ಆದರೂ ಬರೆಯುತ್ತೇನೆ. ಕಾಯಿಲೆಯ ಹೆಸರು ಕೇಳಿದ ದಿನವೇ ಫೋನಿನಲ್ಲಿ ಎಲ್ಲ ಓದಿದಳು. ಈಗ ನನ್ನ ಮುಖಕ್ಕೆ ಅವಳೇ ಮೇಲಧಿಕಾರಿ. ಮನೆ ಬಿಡುವ ಮುಂಚೆ ಸನ್‌ಸ್ಕ್ರೀನು. ಟೀ ಆರಿದ ಮೇಲೇ ಲೋಟ ಕೈಗೆ. ಸೋಪು ಕಿತ್ತುಕೊಂಡು ಬೇರೆ ಏನೋ ಕೊಟ್ಟಿದ್ದಾಳೆ, ನೊರೆಯೇ ಬರುವುದಿಲ್ಲ. ಬೈದುಕೊಂಡು ತೊಳೆಯುತ್ತೇನೆ.

ಇವತ್ತು ಹಿಂದಿನ ಸೀಟಿನಿಂದ ಯಾರೋ, "ನಿಮ್ಮಪ್ಪಂಗೆ ರಾತ್ರಿದು ಇನ್ನೂ ಇಳಿದಿಲ್ಲ" ಎಂದರು. ಕನ್ನಡಿಯಲ್ಲಿ ನೋಡುತ್ತಿದ್ದೆ. ಪುಟ್ಟಿ ಎದ್ದು ನಿಂತಳು.

"ನಮ್ಮಪ್ಪ ಕುಡಿಯಲ್ಲ. ಜನ್ಮದಲ್ಲೇ ಕುಡಿದಿಲ್ಲ. ಅದು ಚರ್ಮದ ಕಾಯಿಲೆ. ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರು."

ಬಸ್ಸು ಗಪ್‌ಚುಪ್. ಗೇರು ಬದಲಾಯಿಸಿದೆ.

ಸೆಪ್ಟೆಂಬರ್ 12, ಶುಕ್ರವಾರ

ಕಂಪ್ಲೇಂಟು ಬಂದಿದೆ. ಮೂರನೇ ಸ್ಟಾಪಿನ ಹತ್ತಿರ ದೊಡ್ಡ ಕಾರು ನಿಲ್ಲಿಸಿಕೊಂಡು ಮಗನನ್ನು ಹತ್ತಿಸುವ ಮಹಾಶಯ. ಡ್ರೈವರನ ಕಣ್ಣು ಕೆಂಪು, ಮೂಗು ಕೆಂಪು, ನಮ್ಮ ಮಕ್ಕಳ ಗತಿ ಏನು ಅಂತ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕಾರಿನ ಗಾಜು ಇಳಿಸಿದ್ದರೆ ತಾನೇ.

ಶಾಲೆ ಬಸ್ಸುಗಳ ಮ್ಯಾನೇಜರ್ ಕರೆದರು. "ಮಷೀನಿಗೆ ಊದಿದ್ದು ನೋಡಿ ಸಾರ್" ಎಂದೆ.

"ಮಷೀನು ಸೊನ್ನೆ ತೋರಿಸುತ್ತೆ ಕಣಪ್ಪಾ. ನಿನ್ನ ಮುಖ ತೋರಿಸಲ್ಲವಲ್ಲ."

ಮೈಯೆಲ್ಲ ಉರಿದುಹೋಯಿತು. ಮುಖ ಇನ್ನಷ್ಟು ಕೆಂಪಾಗಿರಬೇಕು. ಅವರು "ನೋಡು, ಈಗಲೇ ನೋಡು" ಎಂದು ಬೆರಳು ತೋರಿಸಿದರು.

ಸಂಜೆ ಭಾವಮೈದ ಬಂದಿದ್ದ. ಮೆಡಿಕಲ್ ಶಾಪಿನಲ್ಲಿ ಕೆಲಸ, ಅರ್ಧ ಡಾಕ್ಟರ್ ಅಂತ ಅವನ ಅಂದಾಜು. ಜೇಬಿನಿಂದ ಒಂದು ಟ್ಯೂಬು ತೆಗೆದ. "ಭಾವ, ನಿಮ್ಮ ಡಾಕ್ಟರು ಹೇಳಿದ ಹಾಗೆ ಕಾದ್ರೆ ಮುದುಕರಾಗ್ತೀರ. ಇದನ್ನ ಒಂದು ವಾರ ಹಚ್ಚಿ. ಮದುಮಗನ ಥರ ಆಗದಿದ್ರೆ ನನ್ನ ಹೆಸರು ಬದಲಾಯಿಸಿ." ಪುಟ್ಟಿ ಕಸಿದುಕೊಂಡು ಓದಿದಳು. "ಬೇಡ ಅಪ್ಪ. ಡಾಕ್ಟರ್ ಆಂಟಿ ತಮ್ಮನ್ನ ಕೇಳದೆ ಯಾವ ಕ್ರೀಮೂ ಬೇಡ ಅಂದಿದಾರೆ. ಹಚ್ಚಲ್ಲ ಅನ್ನಿ." ಹಚ್ಚಲ್ಲ ಅಂದೆ.

ಸೆಪ್ಟೆಂಬರ್ 13, ಶನಿವಾರ

ಹಚ್ಚಿದೆ. ಬಚ್ಚಲ ಬಾಗಿಲು ಹಾಕಿಕೊಂಡು. ಟ್ಯೂಬು ಹಳೇ ಶೂ ಒಳಗೆ ಇಟ್ಟಿದ್ದೇನೆ. ಕದ್ದು ಕುಡಿಯುವವರು ಹೀಗೇ ಇಡುತ್ತಾರೇನೋ.

ಸೆಪ್ಟೆಂಬರ್ 22, ಸೋಮವಾರ

ಮುಖ ತಿಳಿಯಾಗಿದೆ. ಮೂಗು ನನ್ನದೇ ಮೂಗು. ಕನ್ನಡಿ ಮುಂದೆ ನಿಂತೇ ಇದ್ದೆ. ಹೆಂಡತಿ "ಸಾಕು ಬನ್ನಿ, ನೋಡೋಕೆ ಯಾರೂ ಬರಲ್ಲ" ಎಂದಳು.

ಖುಷಿ ಡಿಪೋ ಗೇಟಿನವರೆಗೆ. ಒಂದೇ ಸಲ ಊದಿಸಿದ ಸೂಪರ್‌ವೈಸರ್ ಬೆನ್ನು ತಟ್ಟಿದ. "ಬಿಟ್ಟೆ ಅಂತ ಕಾಣುತ್ತೆ. ಭೇಷ್."

ಏನು ಬಿಟ್ಟೆ?

ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಮ್ಮ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ಹೇಗೆ ಬಿಟ್ರಿ? ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ" ಎಂದರು. ಕಣ್ಣಲ್ಲಿ ನೀರು. ಅವರಿಗೆ ಏನು ಹೇಳಲಿ? ಶುರುವೇ ಮಾಡದವನು ಬಿಡುವುದು ಹೇಗೆ ಅಂತ ನನಗೂ ಯಾರಾದರೂ ಹೇಳಿಕೊಡಲಿ. ಕಾರಿನ ಮಹಾಶಯ ಇವತ್ತು ಗಾಜು ಇಳಿಸಿ ಹೆಬ್ಬೆರಳು ಎತ್ತಿ ತೋರಿಸಿದ. ಆ ಬೆರಳು ಮುರಿಯಬೇಕು ಅನ್ನಿಸಿತು.

ಮುಖ ಕೆಂಪಿದ್ದಾಗ ಕುಡುಕ. ಬೆಳ್ಳಗಾದಾಗ ಕುಡಿತ ಬಿಟ್ಟ ಕುಡುಕ. ಕುಡಿಯದವನು ಅಂತ ಒಂದು ಜಾತಿಯೇ ಇಲ್ಲ ಇವರ ಲೆಕ್ಕದಲ್ಲಿ.

ಪುಟ್ಟಿ ಮಾತ್ರ, "ಜೆಲ್ ಕೆಲಸ ಮಾಡ್ತಿದೆ ನೋಡಿ ಅಪ್ಪ" ಎಂದು ಕುಣಿದಳು. ಹೂಂ ಎಂದೆ.

ಅಕ್ಟೋಬರ್ 28, ಮಂಗಳವಾರ

ಬರೆದು ಎಷ್ಟೋ ದಿನವಾಯಿತು. ಬರೆಯಲು ಏನಿತ್ತು, ಮುಖ ಚೆನ್ನಾಗಿತ್ತು.

ಹೋದ ವಾರ ಟ್ಯೂಬು ಮುಗಿಯಿತು. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದ ಭಾವಮೈದ. ಭಾನುವಾರ ಎದ್ದಾಗ ಮುಖದ ಮೇಲೆ ಯಾರೋ ಕುದಿಯುವ ನೀರು ಎರಚಿದ ಹಾಗೆ. ಮೊದಲಿದ್ದದ್ದು ಏನೂ ಅಲ್ಲ. ಗುಳ್ಳೆ ಗುಳ್ಳೆ, ಗಾಳಿ ತಾಗಿದರೂ ಉರಿ, ರೆಪ್ಪೆ ಊದಿದೆ.

ಡಾಕ್ಟರಮ್ಮ ಟ್ಯೂಬಿನ ಹೆಸರು ಕೇಳಿದವರೇ ಪೆನ್ನು ಕೆಳಗಿಟ್ಟರು. "ಇದು ಸ್ಟೀರಾಯ್ಡು. ಹಚ್ಚಿದಾಗ ಕಡಿಮೆ ಆದ ಹಾಗೆ ಕಾಣುತ್ತೆ, ಬಿಟ್ಟಾಗ ದುಪ್ಪಟ್ಟಾಗಿ ಬರುತ್ತೆ. ಇನ್ನೊಂದಷ್ಟು ವಾರ ಹೀಗೇ ಇರುತ್ತೆ. ತಡ್ಕೋಬೇಕು. ಮತ್ತೆ ಅದನ್ನ ಮುಟ್ಟಬೇಡಿ." ಬೈದಿದ್ದರೂ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಪಾಪ ಅನ್ನುವ ಹಾಗೆ ನೋಡಿದರು, ಅದು ಇನ್ನೂ ಉರಿಯಿತು.

ಭಾವಮೈದನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು, "ಒಂದು ವಾರ ಅಂದಿದ್ದೆ ಭಾವ, ಒಂದೂವರೆ ತಿಂಗಳು ಹಚ್ಚಿ ಅಂದ್ನಾ?" ಎಂದ. ಸರಿಯಾಗೇ ಹೇಳಿದ. ಅದಕ್ಕೇ ಫೋನು ಎತ್ತಿ ಬಿಸಾಕಿದೆ.

ಪುಟ್ಟಿ ಶೂ ಒಳಗಿಂದ ಖಾಲಿ ಟ್ಯೂಬು ತೆಗೆದು ಟೇಬಲ್ಲಿನ ಮೇಲಿಟ್ಟಳು. "ಹಚ್ಚಲ್ಲ ಅಂದಿದ್ರಿ." ಅಷ್ಟೇ ಅಂದದ್ದು. ರೂಮಿಗೆ ಹೋದಳು.

ಬಸ್ಸಿನಲ್ಲಿ ಆಯಮ್ಮ, "ಮತ್ತೆ ಶುರು ಮಾಡ್ಕೊಂಡ್ರಾ ಅಣ್ಣಾ?"

ನವೆಂಬರ್ 11, ಮಂಗಳವಾರ

ಡಾಕ್ಟರಮ್ಮನ ಪತ್ರ ಕೊಟ್ಟೆ. ಸೀಲು, ಸಹಿ, ಎಲ್ಲ. ಮ್ಯಾನೇಜರ್ ಎರಡು ಸಲ ಓದಿದರು. ಆಮೇಲೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

"ಅಂಟುತ್ತಾ?"

"ಅಂಟಲ್ಲ ಅಂತ ಅದರಲ್ಲೇ ಬರೆದಿದೆ ಸಾರ್."

"ಬರೆದಿದೆ. ಆದ್ರೆ ಪೇರೆಂಟ್ಸ್ ಓದ್ತಾರಾ? ಮಕ್ಕಳು ಹಿಡ್ಕೊಳ್ಳೋ ಕಂಬಿ ನೀನೂ ಹಿಡ್ಕೋತೀಯ ಅಂತಾರೆ." ಪತ್ರ ಮಡಚಿಟ್ಟು, ನಿಜವಾಗಿಯೂ ಸಹಾಯ ಮಾಡುವವರ ದನಿಯಲ್ಲಿ ಹೇಳಿದರು. "ನೋಡಪ್ಪಾ, ಕಾಯಿಲೆ ಅಂದ್ರೆ ನಮ್ಮಲ್ಲಿ ರೂಲೇ ಇಲ್ಲ. ಅನ್‌ಫಿಟ್ ಅಂತ ಕಳಿಸಬೇಕಾಗುತ್ತೆ. ಕುಡಿತಕ್ಕೆ ರೂಲ್ ಇದೆ. ತಾನಾಗಿ ಒಪ್ಪಿಕೊಂಡ್ರೆ ಕೌನ್ಸೆಲಿಂಗ್, ಕೆಲಸ ಉಳಿಯುತ್ತೆ. ಶನಿವಾರ ಪೇರೆಂಟ್ಸ್ ಮೀಟಿಂಗು. ಎದ್ದು ನಿಂತು ಎರಡು ಮಾತು. ಕುಡಿತಿದ್ದೆ, ಬಿಟ್ಟಿದ್ದೀನಿ. ಜನ ಕ್ಷಮಿಸ್ತಾರೆ."

ಕ್ಷಮಿಸುತ್ತಾರಂತೆ! ಮಾಡದ ತಪ್ಪಿಗೆ! ಮೇಜು ಎತ್ತಿ ಹಾಕಿ ಬರಬೇಕಿತ್ತು. "ಯೋಚನೆ ಮಾಡ್ತೀನಿ ಸಾರ್" ಅಂದು ಬಂದೆ. ಥೂ.

ನವೆಂಬರ್ 13, ಗುರುವಾರ

ಇವಳು ಅಡುಗೆಮನೆ ಬಾಗಿಲು ಮುಚ್ಚಿ ಮೆಲ್ಲಗೆ ಮಾತಾಡಿದಳು. ನನ್ನ ಕೆಲಸ ಹೋದರೆ ಪುಟ್ಟಿಯ ಸೀಟೂ ಹೋಗುತ್ತದೆ, ಸಿಬ್ಬಂದಿ ಮಕ್ಕಳ ಕೋಟಾ ಅದು. ಪರೀಕ್ಷೆಯ ವರ್ಷ. ನಡುವೆ ಎಲ್ಲಿ ಸೇರಿಸುವುದು?

"ನೀವು ಕುಡಿಯಲ್ಲ ಅಂತ ನಂಗೊತ್ತು. ಪುಟ್ಟಿಗೂ ಗೊತ್ತು. ಊರು ಏನಂದ್ಕೊಂಡ್ರೆ ನಮಗೇನು ರೀ? ಒಂದು ಮಾತು ತಾನೇ."

"ಒಂದು ಮಾತಾದ್ರೆ ನೀನೇ ಹೋಗಿ ಹೇಳು, ನನ್ನ ಗಂಡ ಕುಡುಕ ಅಂತ."

ಅತ್ತಳು. ಅವಳ ಮೇಲೆ ಕೂಗಾಡಿ ಏನು ಬಂತು? ಒಪ್ಪಿದೆ. ಪುಟ್ಟಿಗೆ ಹೇಳುವುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡೆವು. ಶನಿವಾರ ಮಕ್ಕಳಿಗೆ ರಜೆ, ಅವಳಿಗೆ ಗೊತ್ತಾಗುವ ದಾರಿಯಿಲ್ಲ.

ನವೆಂಬರ್ 15, ಶನಿವಾರ. ಮಧ್ಯಾಹ್ನ

ಹೇಳಿದೆ.

ಹಾಲ್ ತುಂಬಾ ಜನ. ಫ್ಯಾನು ತಿರುಗುತ್ತಿತ್ತು, ಆದರೂ ಮುಖ ಕುದಿಯುತ್ತಿತ್ತು. ಮೈಕು ಕೊಟ್ಟರು. "ಕುಡಿತಿದ್ದೆ. ಬಿಟ್ಟಿದ್ದೀನಿ." ಇಷ್ಟೇ. ಮೈಕು ವಾಪಸ್ ಕೊಟ್ಟೆ.

ಚಪ್ಪಾಳೆ ತಟ್ಟಿದರು.

ಚಪ್ಪಾಳೆ! ಈ ಶಾಲೆಯಲ್ಲಿ ಇಷ್ಟು ವರ್ಷ ಒಂದು ಗೀರು ಬೀಳದ ಹಾಗೆ ಬಸ್ಸು ಓಡಿಸಿದ್ದಕ್ಕೆ ಯಾರಾದರೂ ತಟ್ಟಿದರಾ? ಕಾರಿನ ಮಹಾಶಯ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. "ಒಪ್ಪಿಕೊಳ್ಳೋಕೆ ಗುಂಡಿಗೆ ಬೇಕು" ಎಂದ. ಅಂಟುತ್ತದೆಯಾ ಅಂತ ಅವನು ಕೇಳಲಿಲ್ಲ. ಕುಡುಕನ ಕೈ ಹಿಡಿಯಬಹುದು.

ಕೆಲಸ ಉಳಿಯಿತು. ಸೋಮವಾರದಿಂದ ಬಸ್ಸು ನನ್ನದೇ. ಮನೆಗೆ ಬಂದು ತಣ್ಣೀರು ಬಟ್ಟೆ ಮುಖದ ಮೇಲೆ ಹಾಕಿಕೊಂಡು ಮಲಗಿದ್ದೇನೆ.

ಸಂಜೆ

ಗೊತ್ತಾಗುವ ದಾರಿಯಿಲ್ಲ ಅಂದುಕೊಂಡ ನಮ್ಮ ಬುದ್ಧಿಗೆ ಬೆಂಕಿ ಬೀಳಲಿ. ಯಾರೋ ವೀಡಿಯೋ ಮಾಡಿದ್ದಾರೆ. ಕ್ಲಾಸಿನ ಗ್ರೂಪಿಗೆ ಬಂದಿದೆ.

ಪುಟ್ಟಿ ಫೋನು ಹಿಡಿದುಕೊಂಡು ಬಂದು ನಿಂತಳು. ಕಿರುಚಾಡಲಿಲ್ಲ. "ಇದು ನಿಜಾನಾ ಅಪ್ಪ?"

ಎಲ್ಲ ಹೇಳಿದೆ. ಮ್ಯಾನೇಜರ್ ಹೇಳಿದ್ದು, ರೂಲು, ಸೀಟು, ಪರೀಕ್ಷೆ. ನಿನಗೋಸ್ಕರ ಸುಳ್ಳು ಹೇಳಿದೆ ಅಂದೆ. ಇವಳೂ ಹೌದು ಹೌದು ಅಂದಳು. ಪುಟ್ಟಿ ಪೂರ್ತಿ ಕೇಳಿಸಿಕೊಂಡಳು.

"ನಾನು ಎಲ್ರ ಜೊತೆ ಜಗಳ ಆಡಿದ್ದೀನಿ. ಜನ್ಮದಲ್ಲೇ ಕುಡಿದಿಲ್ಲ ಅಂದಿದ್ದೀನಿ."

"ಕುಡಿದಿಲ್ಲ ಪುಟ್ಟಿ."

"ಕ್ರೀಮೂ ಹಚ್ಚಲ್ಲ ಅಂದಿದ್ರಿ." ಆಮೇಲೆ, ಬಹಳ ಮೆಲ್ಲಗೆ, "ಕುಡಿಯೋರೂ ಹೀಗೇ ಹೇಳ್ತಾರಂತೆ. ಮನೆಯವರಿಗೋಸ್ಕರ ಅಂತ."

ತಣ್ಣೀರು ಬಟ್ಟೆಯನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 8.30, ಶಾಲೆ ಗೇಟಿನ ಹತ್ತಿರ

ಮುಖ ಸ್ವಲ್ಪ ಇಳಿದಿದೆ. ಕೆನ್ನೆಯ ಮೇಲಿನ ಗುಳ್ಳೆ ಒಣಗುತ್ತಿವೆ. ಡಾಕ್ಟರಮ್ಮ ಹೇಳಿದ್ದು ಸರಿ, ತಡೆದುಕೊಂಡರೆ ಕಡಿಮೆಯಾಗುತ್ತದೆ.

ಆಯಮ್ಮ ಗೌರವದಿಂದ ನಮಸ್ಕಾರ ಮಾಡಿದರು. ಮಕ್ಕಳು ಒಬ್ಬೊಬ್ಬರೂ "ಗುಡ್ ಮಾರ್ನಿಂಗ್ ಅಂಕಲ್" ಎಂದರು, ಹೇಳಿಕೊಟ್ಟು ಕಳಿಸಿದ ಹಾಗಿತ್ತು. ನನಗೆ ಇದೆಲ್ಲ ಬೇಡ. ಬೈದುಕೊಂಡು ಹತ್ತುತ್ತಿದ್ದರಲ್ಲ, ಅದೇ ಚೆನ್ನಾಗಿತ್ತು.

ಬಸ್ಸು ಮನೆ ಮುಂದೆ ನಿಲ್ಲಿಸಿದಾಗ ಪುಟ್ಟಿ ಬ್ಯಾಗು ಹಾಕಿಕೊಂಡು ನಿಂತಿದ್ದಳು. ನಿನ್ನೆ ಇಡೀ ದಿನ ಮಾತಾಡಿರಲಿಲ್ಲ. ಮೆಟ್ಟಿಲು ಹತ್ತಿ ಹಿಂದಕ್ಕೆ ಹೋಗಲಿಲ್ಲ, ನನ್ನ ಸೀಟಿನ ಪಕ್ಕ ನಿಂತಳು. ಬಗ್ಗಿದಳು. ಏನೋ ಗುಟ್ಟಾಗಿ ಹೇಳುತ್ತಾಳೆ ಅಂದುಕೊಂಡು ನಾನೂ ಅವಳ ಕಡೆ ಬಾಗಿದೆ. ಸಮಾಧಾನವಾಗಿದ್ದಾಳೆ ಅಂದುಕೊಂಡೆ. "ಏನಮ್ಮಾ?" ಎಂದೆ, ಬಾಯಿ ತೆರೆದು.

ಉಸಿರು ಒಳಗೆ ಎಳೆದುಕೊಂಡಳು, ಒಂದು ಸಲ. ಆಮೇಲೆ, ಸಾಲದು ಅನ್ನುವ ಹಾಗೆ, ಇನ್ನೊಂದು ಸಲ. ನನ್ನ ಮಗಳು ನನ್ನ ಬಾಯಿ ಮೂಸಿ —